ಕೊಟ್ಟಿಗೆ ಗೋಡೆಯ ಕೈಗುರುತು

ಕಳೆದ ದೀಪಾವಳಿಯ ಬೆಳಿಗ್ಗೆ ವಾನಳ್ಳಿಯ ನಮ್ಮ ಕೊಟ್ಟಿಗೆಯೆದುರು ಆಯಿ, ಅಂದರೆ ನನ್ನಮ್ಮ, ಇದ್ದಳು, ನನ್ನ ಹೆಂಡತಿ ಇದ್ದಳು, ಮಿಂದು ನಿಂತ ಮೂರು ದನಗಳಿದ್ದವು, ನಾನಿದ್ದೆ. ನಮ್ಮೆಲ್ಲರ ತಲೆಯ ಮೇಲೆ ಇನ್ನೊಂದು ತಲೆಯಿತ್ತು. ಅದು ನನ್ನ ಚಿಕ್ಕಪ್ಪನ ಮಗನದು. ಆರೂವರೆ ಅಡಿಯ ಆ ಪ್ರಾಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ!

ಅವನ ಕಸುಬು ಬಾಸ್ಕೆಟ್‌ಬಾಲ್. ಅದರಲ್ಲೂ ಡಂಕ್. ಅಂದರೆ ಎಲ್ಲರಂತೆ ಚೆಂಡನ್ನು ದೂರದಿಂದ ಎಸೆಯದೆ, ಹಾರಿ ಹೋಗಿ, ಕೈಯಾರೆ ರಿಂಗಿನೊಳಗೆ ತುರುಕಿ, ಅದಕ್ಕೇ ಜೋತುಬೀಳುವುದು. ಹನ್ನೆರಡು ವರ್ಷ ದೊಡ್ಡ ದೊಡ್ಡ ತಂಡಗಳು ಅವನಿಗೆ ಇದಕ್ಕೇ ಸಂಬಳ ಕೊಟ್ಟವು! ಟೀವಿಯಲ್ಲಿ ಮೊದಲ ಸಲ ನೋಡಿದ ಆಯಿ, "ಅಯ್ಯೋ, ಇದೆಂತದಾ! ಸಣ್ಣಕಿದ್ದಾಗ ಮಾವಿನ ಮರಕ್ಕೆ ಜೋತುಬಿದ್ದ ಹೇಳಿ ಅವಂಗೆ ಹೊಡದಿದ್ನಲಾ!" ಎಂದು ಪಶ್ಚಾತ್ತಾಪಪಟ್ಟಳು.

ಎತ್ತರದಲ್ಲಿ ಏನು ಕಂಡರೂ ಅವನಿಗೆ ಹಾರಿ ಮುಟ್ಟಲೇಬೇಕು. ಸಿದ್ದಾಪುರದ ಒಂದು ಮದುವೆಯಲ್ಲಿ ಚಪ್ಪರದ ಗಳಕ್ಕೆ ಜೋತುಬಿದ್ದ. ಚಪ್ಪರ ವಾಲಿ, ಭಟ್ಟರ ಮೇಲೆ ಮಾವಿನ ಸೊಪ್ಪು ಸುರಿಯಿತು. ಹೆಣ್ಣಿನ ಅಪ್ಪ ಬೈದರೇ? ಓಡಿಬಂದು ಸೆಲ್ಫಿ ತೆಗೆಸಿಕೊಂಡರು! ನಾನು ಜೋತುಬಿದ್ದಿದ್ದರೆ ಊಟಕ್ಕೂ ಕರೆಯುತ್ತಿರಲಿಲ್ಲ. ಯಲ್ಲಾಪುರದಲ್ಲಿ ಒಬ್ಬರು ನನ್ನನ್ನು "ಡಂಕ್ ಹೊಡೆಯೋರ ಅಣ್ಣ" ಎಂದು ಪರಿಚಯಿಸಿದರು. ಕೇಳಿಸಿಕೊಂಡವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಣ್ಣಿನ ಆ ಪ್ರಯಾಣ ಬೇಗ ಮುಗಿಯಿತು. "ಸ್ವಂತ ಅಣ್ಣ ಅಲ್ವಲ್ರಾ?" ಎಂದು ಖಾತ್ರಿ ಮಾಡಿಕೊಂಡರು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಕೊಟ್ಟಿಗೆಯ ಗೋಡೆ. ದೀಪಾವಳಿಯಂದು ದನಗಳ ಮೈಗೆ ಶೇಡಿಮಣ್ಣಿನ ಬಿಳಿ ಗುರುತು ಒತ್ತಿದ ಮೇಲೆ, ಉಳಿದ ಶೇಡಿಗೆ ಅಂಗೈ ಅದ್ದಿ, ಹಾರಿ, ಆ ಕೆಂಪು ಗೋಡೆಗೆ ಒತ್ತುವುದು ನಮ್ಮಿಬ್ಬರ ಚಿಕ್ಕಂದಿನ ಪಂದ್ಯ. ಆಗ ಅವನೇ ಗಿಡ್ಡ. ಅಳುತ್ತಾನೆಂದು ನಾನೇ ಹೆಗಲ ಮೇಲೆ ಹೊತ್ತು, ನನ್ನದಕ್ಕಿಂತ ಮೇಲೆ ಒತ್ತಿಸಿದೆ. ಎಂಥ ತಪ್ಪು ಮಾಡಿದೆ ನೋಡಿ! ಆ ಕೈ ಮತ್ತೆ ಕೆಳಗಿಳಿಯಲೇ ಇಲ್ಲ. ಅವನ ಗುರುತುಗಳು ಹಂಚಿನ ತನಕ ಹೋದವು. ನನ್ನವು ಇಪ್ಪತ್ತು ವರ್ಷದಿಂದ ಒಂದೇ ಕಡೆ ದಪ್ಪವಾಗುತ್ತಿವೆ. ಒಂದೇ ಒಂದು ವರ್ಷ ನನ್ನ ಕೈ ಮೇಲಿರಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಆ ಬೆಳಿಗ್ಗೆ ಅವನು ಶೇಡಿಯ ಬಟ್ಟಲನ್ನು ನನ್ನತ್ತ ಸರಿಸಿದ.

"ಆನು ಹಾರ್ತ್ನಿಲ್ಲೆ ಅಣ್ಣಾ. ಮಂಡಿ ಹೋತು. ಆಟನೂ ಮುಗತ್ತು."

ಆಯಿ ಸೆರಗನ್ನು ಬಾಯಿಗಿಟ್ಟುಕೊಂಡಳು. ನಾನು? ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೊಳಗೇ ಕುಣಿದೆ! ಪಂಚೆ ಎತ್ತಿಕಟ್ಟಿ ಮೂರು ಸಲ ಹಾರಿದೆ.

"ಸೊಂಟ ಜ್ವಾಪಾನ! ಆಮೇಲೆ ಎಣ್ಣೆ ಆನೇ ತಿಕ್ಕವು!" ಎಂದಳು ಹೆಂಡತಿ.

ಗುರುತು ಹಳೆಯದಕ್ಕಿಂತ ಎರಡು ಬೆರಳು ಮೇಲೆ ಬಿತ್ತು. ಆಗ ಹೊಳೆಯಿತು, ಇವನು ಹಾರಬೇಕೆಂದೇನಿದೆ? ನಿಂತಲ್ಲೇ ಕೈಯೆತ್ತಿದರೂ ನನ್ನದಕ್ಕಿಂತ ಗೇಣು ಮೇಲೆ!

ಅವನು ಅಂಗೈ ಅದ್ದಿದ. ಕುಂಟುತ್ತ ಗೋಡೆಯ ಹತ್ತಿರ ಬಂದ. ನನ್ನ ಗುರುತನ್ನು ಒಂದು ಗಳಿಗೆ ನೋಡಿ, ಮೊಣಕೈ ಮಡಚಿ, ಅದರ ಕೆಳಗೆ ಒತ್ತಿದ.

"ಗೆದ್ಯಲಾ, ಅಣ್ಣಾ."

ಮಧ್ಯಾಹ್ನ ಅವನು ಊಟ ಮಾಡಿ ಮಲಗಿದ ಮೇಲೆ, ಒದ್ದೆ ಬಟ್ಟೆ ತಂದು ನನ್ನ ಹೊಸ ಗುರುತನ್ನು ಒರೆಸಿಬಿಟ್ಟೆ. ಅದಕ್ಕೂ ಸ್ಟೂಲು ಬೇಕಾಯಿತು.