ಡಸ್ಟಿ ಸ್ಪೂನ್ ಕ್ಲಬ್ಬಿನ ಹೊಸ ಸದಸ್ಯರು

ಅರಿಜೋನಾದ ಡಸ್ಟಿ ಸ್ಪೂನ್ ಗಾಲ್ಫ್ ಕ್ಲಬ್ಬಿನ ನಿಯಮಾವಳಿ, ಕಲಂ ಹನ್ನೊಂದರ ಪ್ರಕಾರ, ಸದಸ್ಯರೊಬ್ಬರು ಆರಂಭಿಸಿದ ಆಟದ ಸುತ್ತು ಅವರು ಅದನ್ನು ಮುಗಿಸುವವರೆಗೆ, ಇಲ್ಲವೇ ಅವರೇ ಮುಗಿಯುವವರೆಗೆ ಜಾರಿಯಲ್ಲಿರತಕ್ಕದ್ದು. ಅಲ್ಲಿಯವರೆಗೆ ಸದರಿ ಸದಸ್ಯರು ಮೈದಾನ ಬಿಟ್ಟು ಹೊರಹೋಗತಕ್ಕದ್ದಲ್ಲ. ಈ ಕಲಮಿನಿಂದ ಯಾರಿಗೂ ತೊಂದರೆಯಾದ ದಾಖಲೆಯಿಲ್ಲ. ವೆರ್ನಾ ಸ್ಟಕಿಗೂ ಆಗಲಿಲ್ಲ. ಸೆಪ್ಟೆಂಬರಿನ ಮೊದಲ ಮಂಗಳವಾರ ಶುರುವಾದ ಅವಳ ಸುತ್ತು ಎಂಟು ದಿನ ನಡೆಯಿತು, ಅಷ್ಟೆ.

ವೆರ್ನಾ ಮೂವತ್ತೊಂದು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತಳಾದವಳು. ಆ ಊರಲ್ಲಿ ಅವಳನ್ನು ಕಚ್ಚದ ನಾಯಿಯಿರಲಿಲ್ಲ. ಬೇರೆ ಊರುಗಳಲ್ಲಿ ಹಸಿರು ಹಾಸಿದ ಮೈದಾನಗಳಿದ್ದರೂ ಅವಳಿಗೆ ಡಸ್ಟಿ ಸ್ಪೂನೇ ಬೇಕು: ಎರಡು ಕಡೆಯೂ ಮರಳು, ನಡುವೆ ಕಿರಿದಾದ ಹುಲ್ಲು, ಕೈಯೆತ್ತಿ ನಿಂತ ಸಗ್ವಾರೋ ಕಳ್ಳಿಗಳು. ಯಾವ ಕಳ್ಳಿಯ ಮೈಯಲ್ಲಿ ತನ್ನ ಯಾವ ವರ್ಷದ ಚೆಂಡು ಸಿಕ್ಕಿಕೊಂಡಿದೆ ಎಂಬುದು ಅವಳಿಗೆ ಬಾಯಿಪಾಠ. ಗಾಲ್ಫಿನಲ್ಲಿ ಚೆಂಡನ್ನು ಕಡಿಮೆ ಹೊಡೆತಗಳಲ್ಲಿ ಕುಳಿಗೆ ಬೀಳಿಸಿದವರೇ ಗೆದ್ದವರು. ಇಪ್ಪತ್ತೆರಡು ವರ್ಷಗಳಲ್ಲಿ ವೆರ್ನಾ ಹದಿನೆಂಟು ಕುಳಿಗಳನ್ನು ನೂರಕ್ಕಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿರಲಿಲ್ಲ.

ಆ ಮಂಗಳವಾರ ಹದಿನೇಳು ಕುಳಿ ಮುಗಿದಾಗ ಲೆಕ್ಕ ತೊಂಬತ್ತನಾಲ್ಕು. ಇನ್ನೈದು ಹೊಡೆತಗಳಲ್ಲಿ ಮುಗಿಸಿದರೆ ತೊಂಬತ್ತೊಂಬತ್ತು. ಜೊತೆಯಲ್ಲಿ ಆಡುತ್ತಿದ್ದ ಡೆಲ್ಬರ್ಟ್ ಒಕಾಂಪೊ, ನಿವೃತ್ತ ನಲ್ಲಿ ರಿಪೇರಿಯವನು, ಉಸಿರು ಬಿಡುವುದಕ್ಕೂ ಹೆದರಿ ನಿಂತಿದ್ದ. ವೆರ್ನಾ ಹೊಡೆದಳು. ಚೆಂಡು ನೆಟ್ಟಗೆ ಹಾರಿ, ಕೊನೆಗೆ ಮನಸ್ಸು ಬದಲಾಯಿಸಿ ಬಲಕ್ಕೆ ತಿರುಗಿ, ಮರಳಿನ ಅಂಚಿಗೆ ಉರುಳಿತು. ಇಬ್ಬರೂ ಹೋಗಿ ನೋಡಿದರು.

"ಡೆಲ್ಬರ್ಟ್, ನನ್ನ ಚೆಂಡಿನ ಮೇಲೆ ಒಂದು ಕಲ್ಲು ಕೂತಿದೆ."

"ಕಲ್ಲು ಕಣ್ಣು ಮಿಟುಕಿಸ್ತಿದೆಯಲ್ಲೇ."

ಅದು ಮರುಭೂಮಿಯ ಆಮೆ. ಹೊಟ್ಟೆಯಡಿಯಿಂದ ಚೆಂಡಿನ ಬಿಳಿ ಅಂಚು ಚೂರೇ ಕಾಣುತ್ತಿತ್ತು. ಅಲ್ಲಿ ಆಮೆಯನ್ನು ಮುಟ್ಟುವಂತಿಲ್ಲ, ಅದು ಕಾಯಿದೆ. ಹೆದರಿಸುವಂತೆಯೂ ಇಲ್ಲ, ಹೆದರಿದರೆ ಅದು ಒಳಗೆ ಕೂಡಿಟ್ಟ ನೀರನ್ನೆಲ್ಲ ಬಿಟ್ಟುಬಿಡುತ್ತದೆ, ಆಮೇಲೆ ಬಾಯಾರಿ ಸಾಯಬಹುದು. ಹಾಗಾಗಿ ಅಲ್ಲಿಂದ ಮುಂದಿನ ಮಾತೆಲ್ಲ ಪಿಸುಮಾತಿನಲ್ಲೇ ನಡೆಯಿತು.

ಮ್ಯಾನೇಜರ್ ಲುಂಡ್‌ಕ್ವಿಸ್ಟ್ ನಿಯಮ ಸಮಿತಿಯ ಐವರನ್ನು ಗಾಲ್ಫ್ ಬಂಡಿಯಲ್ಲಿ ಕೂರಿಸಿಕೊಂಡು ಬಂದರು. ಛತ್ರಿಯ ಕೆಳಗೆ ತುರ್ತು ಸಭೆ ಸೇರಿತು.

"ಒಂದು ಹೊಡೆತ ದಂಡ ಒಪ್ಕೊಂಡು ಬೇರೆ ಕಡೆಯಿಂದ ಆಡಿಬಿಡಿ, ಮೇಡಂ," ಎಂದರು ಲುಂಡ್‌ಕ್ವಿಸ್ಟ್.

"ದಂಡ? ನಾನೇನು ತಪ್ಪು ಮಾಡಿದೀನಿ? ಕೂತಿರೋದು ಅದು!"

"ಮೆಲ್ಲಗೆ ಮೇಡಂ, ನೀರು ಬಿಟ್ಟುಬಿಟ್ಟೀತು."

ಸಮಿತಿ ಪುಸ್ತಕ ತೆರೆಯಿತು. ಅಡ್ಡಿಯಾದ ವಸ್ತು ಸರಿಸಲು ಬರುವಂಥದ್ದಾದರೆ ಸರಿಸಬೇಕು. ಆಮೆ ಸರಿಯುವ ವಸ್ತು, ಆದರೆ ಸರಿಸುವಂತಿಲ್ಲ. ಆದ್ದರಿಂದ ಅದನ್ನು 'ಸ್ವಯಂ ಸರಿಯಬಹುದಾದ ಸ್ಥಿರವಸ್ತು' ಎಂದು ವರ್ಗೀಕರಿಸಲಾಯಿತು. ಅಂಥ ವಸ್ತುವಿಗೆ ಪುಸ್ತಕದಲ್ಲಿ ನಿಯಮವಿರಲಿಲ್ಲ. ಬುಸುಗುಟ್ಟುವ ಹಾವಿನಂಥ ಅಪಾಯಕಾರಿ ಪ್ರಾಣಿಯಾಗಿದ್ದರೆ ಮಾತ್ರ ದಂಡವಿಲ್ಲದೆ ಚೆಂಡನ್ನು ಬೇರೆ ಕಡೆ ಇಡಬಹುದಿತ್ತು. ಆಮೆ ಅಪಾಯಕಾರಿಯೇ? ಯಾರಿಗಾದರೂ ಅಪಾಯವಾಗದೆ ಹೇಳುವುದು ಕಷ್ಟ ಎಂದಿತು ಸಮಿತಿ.

"ನನ್ನ ಬೆರಳು ತಗೊಳ್ಳಿ," ಎಂದು ಡೆಲ್ಬರ್ಟ್ ಮುಂದೆ ಬಂದ.

"ಹುಚ್ಚೇನೋ ನಿಂಗೆ?"

"ಹತ್ತು ಬೆರಳಿದೆಯಲ್ಲೇ. ನಿಂಗೆ ತೊಂಬತ್ತೊಂಬತ್ತು ಎಷ್ಟು ಸಲ ಬರುತ್ತೆ?"

ಪಾಪಾಸುಕಳ್ಳಿಯ ಕೆಂಪು ಹಣ್ಣನ್ನು ಕಿರುಬೆರಳಿನ ಪಕ್ಕಕ್ಕೆ ಹಿಡಿದು ಅವನು ಮರಳಿನ ಮೇಲೆ ಬೋರಲು ಮಲಗಿದ. ಆಮೆ ಕತ್ತು ಚಾಚಿತು. ಸಮಿತಿ ಉಸಿರು ಹಿಡಿಯಿತು. ಆಮೆ ಹಣ್ಣನ್ನು ಪೂರ್ತಿ ತಿಂದು, ಬೆರಳನ್ನು ಮೂಸಿ, ಅದನ್ನು ಹಾಗೆಯೇ ಬಿಟ್ಟು ಕತ್ತು ಒಳಗೆಳೆದುಕೊಂಡಿತು. 'ಆಮೆಯು ತನಿಖೆಗೆ ಸಹಕರಿಸಲಿಲ್ಲ' ಎಂದು ನಡಾವಳಿಯಲ್ಲಿ ಬರೆಯಲಾಯಿತು.

ಕಲಂ ಹನ್ನೊಂದರಂತೆ ವೆರ್ನಾ ಹೊರಡುವಂತಿರಲಿಲ್ಲ. ಹದಿನೆಂಟನೆಯ ಕುಳಿಯ ದಾರಿಯಲ್ಲೇ ಮಡಿಸುವ ಕುರ್ಚಿ ಬಂತು, ಡೇರೆ ಬಂತು, ಡೆಲ್ಬರ್ಟ್ ಮನೆಯಿಂದ ದಿನಾ ತಮಾಲೆ ಎಂಬ ಬಿಸಿ ಜೋಳದ ಕಡುಬುಗಳು ಬಂದವು. ಉಳಿದ ಆಟಗಾರರು "ದಾರಿ ಬಿಡು ವೆರ್ನಾ" ಎಂದು ಕೈಬೀಸಿ ಅವಳನ್ನು ದಾಟಿ ಆಡಿಕೊಂಡು ಹೋದರು. ಮೂರನೆಯ ದಿನಕ್ಕೆ ಅವಳು ಆಮೆಯೊಡನೆ ಮಾತಾಡತೊಡಗಿದಳು. ಮೊದಲು ಬೈದಳು. ಆಮೇಲೆ ತನ್ನನ್ನು ಕಚ್ಚಿದ ನಾಯಿಗಳ ಹೆಸರನ್ನೆಲ್ಲ ಹೇಳಿದಳು. ಅಷ್ಟು ತಾಳ್ಮೆಯಿಂದ ಅವಳ ಮಾತನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ನಾಲ್ಕನೆಯ ದಿನ ಲುಂಡ್‌ಕ್ವಿಸ್ಟ್ ಅವರಿಗೆ ದಾರಿ ಹೊಳೆಯಿತು. ಕ್ಲಬ್ಬಿನ ಅಪ್ಪಣೆಗೆ ಒಳಪಡುವವರು ಸದಸ್ಯರು ಮಾತ್ರ. ಆದ್ದರಿಂದ ಆಮೆಯನ್ನು ಸದಸ್ಯರನ್ನಾಗಿ ಮಾಡಿಕೊಂಡು, ಏಳುವಂತೆ ಅಪ್ಪಣೆ ಮಾಡುವುದು. ಅರ್ಜಿ ತುಂಬಲಾಯಿತು. ಕಾಲರ್ ಇಲ್ಲದ ಉಡುಪಿಗೆ ಕ್ಲಬ್ಬಿನಲ್ಲಿ ಪ್ರವೇಶವಿಲ್ಲ ಎಂದು ಒಬ್ಬ ಸದಸ್ಯರು ಆಕ್ಷೇಪಿಸಿದಾಗ, ಅರ್ಜಿದಾರರ ಕತ್ತಿನ ಸುತ್ತಲಿನ ಸುಕ್ಕನ್ನು ಕಾಲರ್ ಎಂದು ಪರಿಗಣಿಸಲಾಯಿತು. ಉಗುರು ಮರಳಿನಲ್ಲಿ ಎಳೆದ ಗೆರೆಯನ್ನೇ ಸಹಿ ಎಂದು ಒಪ್ಪಲಾಯಿತು. ಸರ್ವಾನುಮತದ ಠರಾವಿನ ನಂತರ ಲುಂಡ್‌ಕ್ವಿಸ್ಟ್ ಮಂಡಿಯೂರಿ ನೋಟಿಸನ್ನು ಪಿಸುಗುಟ್ಟುತ್ತ ಓದಿದರು:

"ಮಾನ್ಯ ಸದಸ್ಯರೇ, ತಾವು ಆಟದ ವೇಗಕ್ಕೆ ಅಡ್ಡಿಪಡಿಸುತ್ತಿರುವುದು ಆಡಳಿತದ ಗಮನಕ್ಕೆ ಬಂದಿದ್ದು, ಈ ಕೂಡಲೇ ಮುಂದುವರಿಯತಕ್ಕದ್ದು."

ಮಾನ್ಯ ಸದಸ್ಯರು ಕಣ್ಣು ಮುಚ್ಚಿದರು.

"ಸದಸ್ಯರೆಂದರೆ ಇವರು," ಎಂದು ಸಮಿತಿಯವರು ಮೆಚ್ಚಿಕೊಂಡರು. ಹಳೆಯ ಸದಸ್ಯರೂ ನೋಟಿಸಿಗೆ ಇದನ್ನೇ ಮಾಡುತ್ತಿದ್ದರು. ಆಮೆಯ ಪಕ್ಕದ ನೆರಳಿನಲ್ಲಿ ಕೂರಲು ಮಾರನೆಯ ದಿನವೇ ಟಿಕೆಟ್ ಇಟ್ಟರು. ವೆರ್ನಾಳ ಕುರ್ಚಿಯೂ ಅದೇ ನೆರಳಿನಲ್ಲಿದ್ದದ್ದರಿಂದ ಅವಳೂ ಒಂದು ಕೊಳ್ಳಬೇಕಾಯಿತು.

ಎಂಟನೆಯ ದಿನ ಮಧ್ಯಾಹ್ನ ಬೆಟ್ಟದ ಕಡೆಯಿಂದ ಮೋಡ ಕವಿದು ಮಳೆ ಸುರಿಯಿತು. ಹತ್ತೇ ನಿಮಿಷ. ತಗ್ಗಿನಲ್ಲಿ ನೀರು ನಿಂತಿತು. ಆಮೆ ನಾಲ್ಕೂ ಕಾಲಿನ ಮೇಲೆ ಎದ್ದಿತು, ಅತ್ತಿತ್ತ ನೋಡಿತು, ನೀರಿನ ಕಡೆ ಹೊರಟಿತು. "ಎದ್ದರು! ಎದ್ದರು!" ಎಂದು ಸಮಿತಿ, ಟಿಕೆಟ್‌ದಾರರು, ಲುಂಡ್‌ಕ್ವಿಸ್ಟ್ ಎಲ್ಲರೂ ಛತ್ರಿ ಹಿಡಿದುಕೊಂಡು ತುದಿಗಾಲಲ್ಲಿ ಅದರ ಹಿಂದೆ ಹೋದರು.

ಚೆಂಡಿನ ಹತ್ತಿರ ಉಳಿದವರು ವೆರ್ನಾ ಮತ್ತು ಡೆಲ್ಬರ್ಟ್. ತೊಂಬತ್ತಾರನೆಯ ಹೊಡೆತ ಒದ್ದೆ ಮರಳನ್ನೆಬ್ಬಿಸಿ ಹುಲ್ಲಿಗೆ ಬಂತು. ತೊಂಬತ್ತೇಳು ಬಾವುಟದ ಹತ್ತಿರ ನಿಂತಿತು. ತೊಂಬತ್ತೆಂಟಕ್ಕೆ ಚೆಂಡು ಕುಳಿಯ ಬಾಯಿಯನ್ನು ಸವರಿಕೊಂಡು ಹೋಯಿತು.

"ನಾನು ನೋಡಲ್ಲ," ಎಂದು ಡೆಲ್ಬರ್ಟ್ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡ.

ಮುಖ ಮುಚ್ಚಿಕೊಂಡರೂ ಟಕ್ ಎಂದು ಚೆಂಡು ಬಿದ್ದ ಸದ್ದು ಕೇಳಿತು. ತೊಂಬತ್ತೊಂಬತ್ತು. ಇಪ್ಪತ್ತೆರಡು ವರ್ಷ. ಇಬ್ಬರೂ ಕೆಸರಿನಲ್ಲಿ ಕೈಕೈ ಹಿಡಿದು ಕುಣಿದರು. ವೆರ್ನಾ ಅತ್ತಳೋ ನಕ್ಕಳೋ ಹೇಳುವುದು ಕಷ್ಟ; ಆ ಹೊತ್ತಿಗೆ ಅವರ ಕಡೆ ನೋಡುತ್ತಿದ್ದವರು ಯಾರೂ ಇರಲಿಲ್ಲ.

ತಿಂಗಳ ಕೊನೆಗೆ, ಆ ತಿಂಗಳ ಅತಿ ಕಡಿಮೆ ಹೊಡೆತಗಳಿಗೆ ಕೊಡುವ ಕ್ಲಬ್ಬಿನ ಬಟ್ಟಲನ್ನು ಘೋಷಿಸಲಾಯಿತು. ಸದಸ್ಯತ್ವ ಪಡೆದ ದಿನದಿಂದ ಹದಿನೆಂಟನೆಯ ಕುಳಿಯನ್ನು ಬಿಟ್ಟು ಹೊರಡುವವರೆಗೆ ಆಮೆಯವರು ಮೈದಾನದಲ್ಲೇ ಇದ್ದು, ಒಟ್ಟು ಸೊನ್ನೆ ಹೊಡೆತಗಳಲ್ಲಿ ತಮ್ಮ ಸುತ್ತನ್ನು ಮುಗಿಸಿದ್ದಾಗಿ ಸಮಿತಿ ಕಂಡುಕೊಂಡಿತ್ತು.

"ಅದು ಆಡಲೇ ಇಲ್ಲವಲ್ರೀ!" ಎಂದು ವೆರ್ನಾ ಎದ್ದು ನಿಂತಳು.

"ಮೇಡಂ, ಆಡದೇ ಇದ್ದದ್ದಕ್ಕೇ ಅಷ್ಟು ಚೆನ್ನಾಗಿ ಆಡಿದಾರೆ," ಎಂದರು ಲುಂಡ್‌ಕ್ವಿಸ್ಟ್, ತಾಳ್ಮೆಯಿಂದ. ಸಭೆ ಚಪ್ಪಾಳೆ ತಟ್ಟಿತು. ಸ್ವಲ್ಪ ಹೊತ್ತು ಯೋಚಿಸಿ ವೆರ್ನಾಳೂ ತಟ್ಟಿದಳು. ಅದರ ಜೊತೆ ಎಂಟು ದಿನ ಕೂತವಳಿಗೆ ಹೊಟ್ಟೆಕಿಚ್ಚು ಬರಲಿಲ್ಲ.

ಅಕ್ಟೋಬರಿನಿಂದ ಡಸ್ಟಿ ಸ್ಪೂನಿನ ಸದಸ್ಯರು ಬೆಳಗ್ಗೆ ಐದಕ್ಕೇ ಬಂದು, ತಮ್ಮತಮ್ಮ ಜಾಗ ಹಿಡಿದು, ಮರಳಿನಲ್ಲಿ ಸುಮ್ಮನೆ ಕೂರುತ್ತಾರೆ. ಹುಲ್ಲು ಎಂದೂ ಇಷ್ಟು ಚೆನ್ನಾಗಿ ಬೆಳೆದಿರಲಿಲ್ಲ. ಕ್ಲಬ್ಬಿನ ಸರಾಸರಿ ದೇಶಕ್ಕೇ ಮೇಲು ಎಂದು ಬಾಗಿಲಲ್ಲಿ ಬೋರ್ಡು ಹಾಕಿದ್ದಾರೆ. ಹೊಸ ಪದ್ಧತಿಯ ಮೊದಲ ಮಂಗಳವಾರ ವೆರ್ನಾ ಸಂಜೆಯವರೆಗೆ ಹಲ್ಲು ಕಚ್ಚಿ ಕೂತಳು, ಆದರೆ ನಡುವೆ ತಡೆಯಲಾರದೆ ಮೂರು ಸಲ ಹೊಡೆದೇಬಿಟ್ಟಳು. ಮೂರೂ ಕಳ್ಳಿಗೆ ಹೋದವು.

"ಮೂರು, ಮೊದಲನೇ ವಾರಕ್ಕೆ ಕೆಟ್ಟದ್ದೇನಲ್ಲ ಕಣೇ," ಎಂದು ಡೆಲ್ಬರ್ಟ್ ಅವಳ ಬೆನ್ನು ತಟ್ಟಿದ. "ಕೈ ಸುಮ್ಮನಿರೋಕೆ ಅಭ್ಯಾಸ ಬೇಕು."

"ಮುಂದಿನ ವಾರ ಒಂದಕ್ಕೆ ಇಳಿಸ್ತೀನಿ ನೋಡ್ತಿರು," ಎಂದಳು ವೆರ್ನಾ, ಸ್ಕೋರು ಕಾರ್ಡಿಗೆ ಸಹಿ ಹಾಕುತ್ತ.