ದಲಂದಾ ಎಂಬ ದೋಣಿ

ತಿಜಾನಿ ದೋಣಿ ಕೊಳ್ಳಬೇಕೆಂದು ನಿಶ್ಚಯಿಸಿದ್ದಕ್ಕೆ ಕಾರಣ ಒಂದು ಕಟ್ಟು ಕೊತ್ತಂಬರಿ ಸೊಪ್ಪು.

ಮಹದಿಯಾ ಪಟ್ಟಣದ ಅಂಚೆ ಕಚೇರಿಯ ಕಿಟಕಿಯ ಹಿಂದೆ ಆಯುಷ್ಯವೆಲ್ಲ ಕೂತು ನಿವೃತ್ತನಾದ ಮರುದಿನ ಬೆಳಿಗ್ಗೆಯೇ ಹೆಂಡತಿ ದಲಂದಾ ಅವನ ಕೈಗೆ ತಾಳೆಗರಿಯ ಬುಟ್ಟಿ ಕೊಟ್ಟಳು. ಆಮೇಲೆ ಆ ಬುಟ್ಟಿ ಅವನ ಕೈ ಬಿಡಲಿಲ್ಲ. ಈರುಳ್ಳಿ ತಂದರೆ ಮೆಣಸಿನಕಾಯಿ ಮರೆತಿರುತ್ತಿತ್ತು, ಮೆಣಸಿನಕಾಯಿ ತಂದರೆ ಬ್ರೆಡ್ಡು. ಒಂದು ದಿನ ಎಲ್ಲವನ್ನೂ ತಂದ. ಕೊತ್ತಂಬರಿಯ ಜಾಗದಲ್ಲಿ ಮಾತ್ರ ಅದರ ಅಕ್ಕನಂತೆ ಕಾಣುವ ಪಾರ್ಸ್ಲಿ ಇತ್ತು.

"ಏ ಮನುಷ್ಯಾ, ಅಕ್ಕ ಯಾರು ತಂಗಿ ಯಾರು ಅಂತ ಗೊತ್ತಾಗದ ಕಣ್ಣು ಇದ್ದರೆಷ್ಟು ಬಿಟ್ಟರೆಷ್ಟು?" ಎಂದಳು ದಲಂದಾ. "ನನ್ನನ್ನ ಕೇಳಿಕೊಂಡು ಎಂಥೆಂಥವರು ಬಂದಿದ್ರು ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಮದುವೆಯಾದಂದಿನಿಂದ ಈ ಮಾತು ಕೇಳುತ್ತಲೇ ಇದ್ದ. ಬಂದವರು ಯಾರು ಎಂದು ಅವನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಬುಟ್ಟಿ ಹಿಡಿದು ಮತ್ತೆ ಮಾರುಕಟ್ಟೆಗೆ ಹೊರಟ. ದಾರಿಯಲ್ಲಿ, ಸಮುದ್ರದ ಗೋಡೆಯ ಆಚೆ, ದೂರ ನೀರಿನಲ್ಲಿ ಒಬ್ಬನೇ ಒಬ್ಬ ಮನುಷ್ಯ ಸಣ್ಣ ದೋಣಿಯಲ್ಲಿ ಗಾಳ ಹಿಡಿದು ಕೂತಿದ್ದ. ಯಾರೂ ಅವನನ್ನು ಕರೆಯುತ್ತಿರಲಿಲ್ಲ. ಯಾರ ಬುಟ್ಟಿಯೂ ಅಷ್ಟು ದೂರ ತಲುಪುವಂತಿರಲಿಲ್ಲ. ತಿಜಾನಿ ಬಹಳ ಹೊತ್ತು ಅಲ್ಲೇ ನಿಂತ.

ಊಟದ ಹೊತ್ತಿಗೆ ಮೆಲ್ಲಗೆ ಮಾತು ತೆಗೆದ. "ಒಂದು ದೋಣಿ ತಗೊಳ್ಳೋಣ ಅಂತ..."

"ತಗೋ, ಯಾರು ಬೇಡ ಅಂದ್ರು? ಆದ್ರೆ ಇಡೀ ಸಂಸಾರ ಕೂರೋ ಹಾಗಿರಬೇಕು. ನಾನು, ಮಬ್ರೂಕಕ್ಕ, ಮಗಳು, ಅಳಿಯ, ಮಕ್ಕಳು. ಒಬ್ಬನೇ ಕೂರೋದಿದ್ರೆ ಮನೇಲೇ ಬೇಕಾದಷ್ಟು ಮೂಲೆ ಇವೆ."

ತಿಜಾನಿ ತಲೆಯಾಡಿಸಿದ. ಎರಡನೆಯ ಮನುಷ್ಯ ಕೂರಲಾಗದ ದೋಣಿಯನ್ನೇ ಕೊಳ್ಳುವುದೆಂದು ಅಲ್ಲೇ ತೀರ್ಮಾನಿಸಿದ.

ಕೈಗೆ ಬರುವ ಮುಂಚೆ ಯಾವ ವಸ್ತುವಿನ ಸುದ್ದಿಯನ್ನೂ ಬಾಯಿ ಬಿಡಬಾರದು, ಜನರ ಕಣ್ಣು ಬೀಳುತ್ತದೆ ಎಂಬುದು ಅವನು ಎದೆಹಾಲಿನ ಜೊತೆಗೇ ಕುಡಿದ ಪಾಠ. ಅವನ ತಾಯಿ ಹೊಲಿಗೆ ಯಂತ್ರ ಕೊಂಡಾಗ ಅದಕ್ಕೆ ಕಂಬಳಿ ಸುತ್ತಿ, ಕಾಯಿಲೆಯ ಅಜ್ಜಿಯನ್ನು ಕರೆತರುವಂತೆ ಗಾಡಿಯಲ್ಲಿ ಒರಗಿಸಿಕೊಂಡು ಮನೆಗೆ ತಂದಿದ್ದಳು. ದಾರಿಯಲ್ಲಿ ಸಿಕ್ಕವರೆಲ್ಲ ಅದಕ್ಕೆ ಬೇಗ ಗುಣವಾಗಲೆಂದು ಹರಸಿದ್ದರು.

ಹಾಗಾಗಿ ಮರುದಿನ ಬೆಳಿಗ್ಗೆ ತಿಜಾನಿ ಕೋಟಿನ ಎಡ ಜೇಬಿಗೆ ಉಪ್ಪಿನ ಪೊಟ್ಟಣ, ಬಲ ಜೇಬಿಗೆ ಬಾಗಿಲ ಮೇಲೆ ತೂಗುಹಾಕಿದ್ದ ಒಣ ಮೀನಿನ ಬಾಲ ಇಟ್ಟುಕೊಂಡ. ದೃಷ್ಟಿ ತಾಗದಿರಲು ಇದಕ್ಕಿಂತ ಒಳ್ಳೆಯ ಕಾವಲಿಲ್ಲ. ಕ್ಷೌರಕ್ಕೆ ಹೋಗಿ ಬರುತ್ತೇನೆ ಎಂದು ಹೊರಟ.

"ಹಿಂದುಗಡೆ ಸಣ್ಣಗೆ ಮಾಡಿಸು!" ಎಂದು ದಲಂದಾ ಕಿಟಕಿಯಿಂದ ಇಡೀ ಬೀದಿಗೆ ಕೇಳುವಂತೆ ಕೂಗಿದಳು.

ಮೀನಿನ ಬಾಲ ಕಣ್ಣುಗಳನ್ನೇನೋ ತಡೆಯಿತು. ಬೆಕ್ಕುಗಳನ್ನು ತಡೆಯಲಿಲ್ಲ. ಮೂಲೆ ತಿರುಗುವಷ್ಟರಲ್ಲಿ ಒಂದು ಕಂದು ಬೆಕ್ಕು ಬೆನ್ನು ಹತ್ತಿತು. ಮಸೀದಿ ದಾಟುವಾಗ ಅದರ ಬಂಧುಬಳಗವೂ ಸೇರಿಕೊಂಡಿತು. ತಿಜಾನಿ ನಿಂತರೆ ಅವೂ ನಿಂತವು, ನಡೆದರೆ ಅವೂ ನಡೆದವು. ನೋಡಿದವರಿಗೆ ಯಾವುದೋ ಮದುವೆ ದಿಬ್ಬಣದಂತೆ ಕಾಣಬೇಕು.

ಕ್ಷೌರಿಕ ಹಮ್ಮಾದಿ ಕತ್ತಿ ಹಿಡಿದುಕೊಂಡೇ ಅಂಗಡಿಯ ಹೊರಗೆ ಬಂದು, ಹೆಸರಿಗೆ ಗೌರವದ 'ಸಿ' ಸೇರಿಸಿ ಕೂಗಿದ.

"ಸಿ ತಿಜಾನಿ! ಕ್ಷೌರಕ್ಕೆ ಹೊರಟವನು ಅಂಗಡಿ ದಾಟಿ ಎಲ್ಲಿಗಪ್ಪಾ?"

"ಸ್ವಲ್ಪ ಗಾಳಿ ಕುಡಿದು ಬರ್ತೀನಿ."

"ಬೆಕ್ಕುಗಳ ಸಮೇತ?" ಹಮ್ಮಾದಿ ಮೂಗು ಎತ್ತಿ ಮೂಸಿದ. "ಮೀನಿನ ಬಾಲ! ಏನೋ ಕೊಳ್ಳೋಕೆ ಹೊರಟಿದ್ದೀಯ. ನಡಿ, ನಾನೂ ಬರ್ತೀನಿ."

ಹಮ್ಮಾದಿ ಬಂದ. ಅವನ ಹಿಂದೆ, ಅರ್ಧ ಮುಖಕ್ಕೆ ಇನ್ನೂ ನೊರೆ ಉಳಿದಿದ್ದ ಗಿರಾಕಿಯೂ, ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಬಂದ.

ಬಂದರಿನ ಮರಳಿನ ಮೇಲೆ ಮಾರಾಟದ ದೋಣಿಗಳು ಸಾಲಾಗಿ ಮಲಗಿದ್ದವು. "ಯಾವ ದೋಣಿ?" ಎಂದ ಹಮ್ಮಾದಿ.

"ದೋಣಿನಾ? ನಾನು ಯಾವ ದೋಣಿಯನ್ನೂ ಕೊಳ್ತಿಲ್ಲ."

"ಸರಿ ಸರಿ, ಕೊಳ್ಳಬೇಡ. ಆದ್ರೆ ದೋಣಿ ಕೊಳ್ಳದೇ ಇರೋನಿಗೂ ಒಂದು ವಿಷಯ ಗೊತ್ತಿರಬೇಕು. ಕಲ್ಲಂಗಡಿ ತಟ್ಟಿದ ಹಾಗೆ ತಟ್ಟಬೇಕು. ಟಣ್ ಅಂದ್ರೆ ಒಳ್ಳೇದು, ದೊಬ್ ಅಂದ್ರೆ ಕೊಳೆತಿದೆ."

"ತಟ್ಟಿದ್ರೆ ಏನು ತಿಳಿಯುತ್ತೆ ಮಣ್ಣು? ನೆಕ್ಕಿ ನೋಡಬೇಕು," ಎಂದ ನೊರೆಯವನು.

ಮೊದಲ ದೋಣಿ ಮದುವೆ ಛತ್ರದಷ್ಟಿತ್ತು. ದಲಂದಾಳ ಸಂಸಾರವೆಲ್ಲ ಕೂತು ಅಳಿಯನ ಕಡೆಯವರಿಗೂ ಜಾಗ ಉಳಿಯುತ್ತಿತ್ತು. ತಿಜಾನಿ ಅದರ ನೆರಳನ್ನೂ ತುಳಿಯದೆ ಮುಂದೆ ಹೋದ. ಎರಡನೆಯದರ ಮಾಲೀಕರು ಅಣ್ಣತಮ್ಮಂದಿರು. ಎಲ್ಲೂ ಸೋರುವುದಿಲ್ಲ ಎಂದು ಅಣ್ಣ ಆಣೆ ಹಾಕಿದ. ಸೋರುವುದು ಅಣ್ಣನ ಪಾಲಿನ ಕಡೆ ಮಾತ್ರ ಎಂದು ತಮ್ಮ ಸಮಾಧಾನ ಹೇಳಿದ. ಹಮ್ಮಾದಿ ತಟ್ಟಿದ, ನೊರೆಯವನು ನೆಕ್ಕಿದ. ದೋಣಿಗೂ ಅವನ ಗಲ್ಲಕ್ಕೂ ಒಂದೇ ಬಣ್ಣ ಬಂತು.

ಕೊನೆಗೆ ನೊರೆ ಒಣಗಿ ಚರ್ಮ ಎಳೆಯತೊಡಗಿ, ಗಿರಾಕಿ ಗೊಣಗಿದ. ಹಮ್ಮಾದಿ ಮನಸ್ಸಿಲ್ಲದೆ ಹಿಂತಿರುಗಿದ. ನಾಲ್ಕು ಹೆಜ್ಜೆ ಹೋದವನು ನಿಂತು ಕೂಗಿದ. "ಸಿ ತಿಜಾನಿ, ಯಾವುದನ್ನಾದ್ರೂ ತಗೋ. ಆದ್ರೆ ಆ ತುದೀಲಿರೋದು ಮಾತ್ರ..."

"ಬಾಯಿ ಮುಚ್ಚು! ಕಣ್ಣು ಬೀಳುತ್ತೆ!" ತಿಜಾನಿ ಎರಡೂ ಕಿವಿಗೆ ಬೆರಳಿಟ್ಟುಕೊಂಡ. ಹಮ್ಮಾದಿಯ ತುಟಿ ಒಂದಷ್ಟು ಹೊತ್ತು ಆಡಿತು. ಆಮೇಲೆ ಅವನು ಹೆಗಲು ಕುಣಿಸಿ ಹೊರಟುಹೋದ.

ತುದಿಯಲ್ಲಿ, ಗೋರಿಗಳ ದಿಬ್ಬದ ಕೆಳಗೆ, ಖಮೈಸ್ ಎಂಬ ಮುದಿ ಬೆಸ್ತ ಕಿವಿಯ ಹಿಂದೆ ಮಲ್ಲಿಗೆ ಸಿಕ್ಕಿಸಿಕೊಂಡು ಬಲೆ ಹೊಲಿಯುತ್ತ ಕೂತಿದ್ದ. ಪಕ್ಕದಲ್ಲೇ ಅವನ ದೋಣಿ. ಅದನ್ನು ಕಂಡೊಡನೆ ತಿಜಾನಿಯ ಜೀವ ತಂಪಾಯಿತು. ಒಬ್ಬ ಕೂತರೆ ತುಂಬಿತು; ಎರಡನೆಯವನು ಕ್ಷಮೆ ಕೇಳಿಯೇ ಹತ್ತಬೇಕು. ಬಿಳಿ ಮೈ, ನೀಲಿ ಅಂಚು, ಮೂತಿಯ ಮೇಲೆ ದೃಷ್ಟಿಗೆಂದು ಬರೆದ ಮೀನು. ಮೀನಿನ ಮೇಲೆ ನೀಲಿ ಅಕ್ಷರಗಳಲ್ಲಿ ಹೆಸರು: ದಲಂದಾ.

ತಿಜಾನಿಗೆ ಮೈ ಜುಮ್ಮೆಂದಿತು. ಊರಿನಲ್ಲಿ ಆ ಹೆಸರಿನವಳು ಅವನ ಹೆಂಡತಿ ಒಬ್ಬಳೇ. ಇಷ್ಟು ಸಣ್ಣ ದೋಣಿ ಯಾಕೆ ತಂದೆ ಎಂದು ಅವಳು ಬಾಯಿ ತೆರೆದರೆ, ನಿನ್ನ ಹೆಸರು ನೋಡಿ ತಂದೆ ಎಂದುಬಿಡಬಹುದು. ಇದು ದೇವರೇ ತೋರಿಸಿದ ದಾರಿ.

"ಹೆಸರು ಚೆನ್ನಾಗಿದೆ," ಎಂದ ತಿಜಾನಿ, ಸಮುದ್ರ ನೋಡುತ್ತ. ಯಾರ ಹೆಸರು ಎಂದು ಕೇಳಲಿಲ್ಲ. ಇನ್ನೊಬ್ಬರ ಮನೆಯ ಹೆಂಗಸರ ಹೆಸರು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ.

"ಚೆನ್ನಾಗಿದೆ," ಎಂದ ಖಮೈಸ್, ಬಲೆ ನೋಡುತ್ತ. "ಬದಲಾಯಿಸೋ ಹಾಗಿಲ್ಲ ಮತ್ತೆ. ದೋಣಿ ಹೆಸರು ಬದಲಾಯಿಸಿದೋನು ಸಮುದ್ರದಿಂದ ನಡ್ಕೊಂಡೇ ಮನೆಗೆ ಬರಬೇಕು."

"ಛೆ, ಬದಲಾಯಿಸೋದೇ? ನಮ್ಮ ಮನೆಗೆ ಈ ಹೆಸರು ಬಹಳ ಹಿಡಿಸುತ್ತೆ."

ಮನೆ ಎಂದರೆ ಹೆಂಡತಿ ಎಂದು ಖಮೈಸನಿಗೂ ತಿಳಿಯಿತು. ಅವನೂ ಮರ್ಯಾದಸ್ಥ. ಅವಳ ಹೆಸರೇನೆಂದು ಕೇಳಲಿಲ್ಲ.

"ಯಾಕೆ ಮಾರ್ತಿದ್ದೀಯ?"

"ಮಂಡಿ ಬಗ್ಗೋಲ್ಲ. ಇನ್ಮೇಲೆ ಆ ಬಂಡೆ ಮೇಲೆ ಕೂತು ಗಾಳ ಹಾಕ್ತೀನಿ. ನನ್ನೊಬ್ಬನಿಗೆ ಅಷ್ಟು ಸಾಕು."

ದೋಣಿ ಇದ್ದೂ ಬಂಡೆ ಆರಿಸಿಕೊಳ್ಳುವವನನ್ನು ಕಂಡು ತಿಜಾನಿಗೆ ಕನಿಕರವಾಯಿತು. ದುಡ್ಡಿನ ಪೊಟ್ಟಣ ಕೊಟ್ಟ. ಇಬ್ಬರೂ ಅಂಗೈ ಚಾಚಿ ಕುರಾನಿನ ಫಾತಿಹಾ ಓದಿ ಮುಖ ಸವರಿಕೊಂಡರು. ಅಲ್ಲಿಗೆ ವ್ಯಾಪಾರ ಮುಗಿಯಿತು; ಇನ್ನು ಹಿಂದೆ ಸರಿಯುವಂತಿಲ್ಲ. ಕಣ್ಣು ಮುಚ್ಚಿ ಓದುತ್ತಿದ್ದಾಗ ಕಂದು ಬೆಕ್ಕು ತಿಜಾನಿಯ ಬಲ ಜೇಬಿಗೆ ಮೂತಿ ಹಾಕಿ, ಮೀನಿನ ಬಾಲ ಕಚ್ಚಿಕೊಂಡು ಓಡಿದ್ದು ಅವನಿಗೆ ಗೊತ್ತಾಗಲಿಲ್ಲ.

ಹಾಡು ಗುನುಗುತ್ತ ಕ್ಷೌರದ ಅಂಗಡಿಗೆ ಬಂದು ಕುರ್ಚಿಯಲ್ಲಿ ಒರಗಿದ. "ಹಿಂದುಗಡೆ ಸಣ್ಣಗೆ," ಎಂದ. ಹಮ್ಮಾದಿ ಒಂದು ಪಕ್ಕ ಮುಗಿಸುವಷ್ಟರಲ್ಲಿ ತಿಜಾನಿ ತಡೆಯಲಾರದೆ ಹೇಳಿಯೂಬಿಟ್ಟ. "ಕೊಂಡಾಯ್ತು ಕಣೋ. ಖಮೈಸನ ದೋಣಿ."

ಕತ್ತರಿ ನಿಂತಿತು. ಅಂಗಡಿಯಲ್ಲಿದ್ದವರೆಲ್ಲ ಪತ್ರಿಕೆಯೊಳಗೆ ಮುಖ ಹುದುಗಿಸಿದರು. ಇದ್ದದ್ದು ಒಂದೇ ಪತ್ರಿಕೆ.

"ದಲಂದಾ?" ಎಂದ ಹಮ್ಮಾದಿ.

"ದಲಂದಾ."

"ಅಯ್ಯೋ ಮಾರಾಯಾ! ಊರಿಗೆಲ್ಲ ಗೊತ್ತಿರೋದು ನಿನಗೊಬ್ಬನಿಗೆ ಗೊತ್ತಿಲ್ವಾ? ಖಮೈಸನ ತಾಯಿ ನಿನ್ನ ಮಾವನ ಮನೆಗೆ ಹೆಣ್ಣು ಕೇಳೋಕೆ ಹೋಗಿದ್ಲು. ಮೀನಿನ ವಾಸನೆ ಅಂತ ನಿನ್ನ ಮಾವ ಒಪ್ಪಲಿಲ್ಲ. ಅದೇ ವರ್ಷ ಈ ದೋಣಿ ಬಂತು, ಈ ಹೆಸರಿನ ಜೊತೆ. ಇನ್ನೇನು ಬಿಡಿಸಿ ಹೇಳೋದು?"

ತಿಜಾನಿ ಕುರ್ಚಿಯಿಂದ ಅರ್ಧ ಎದ್ದ. "ನನಗ್ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲ! ನೀನು ಕಿವಿಗೆ ಬೆರಳು ತುರುಕಿಕೊಂಡು ಕೇಳಿಸಿಕೊಂಡೆ."

ತಿಜಾನಿ ಬಲ ಜೇಬಿಗೆ ಕೈ ಹಾಕಿದ. ಬಾಲ ಇರಲಿಲ್ಲ. ತಲೆಯ ಒಂದು ಪಕ್ಕ ನಾಗರಿಕನಾಗಿ, ಇನ್ನೊಂದು ಪಕ್ಕ ಕುರಿಯಾಗಿ ತಿಜಾನಿ ಬಂದರಿಗೆ ಓಡಿದ.

ಖಮೈಸ್ ಬಲೆಯ ಮೇಲೆಯೇ ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸಿ ಏನು ಹೇಳುವುದು? ಫಾತಿಹಾ ಓದಿದ ಮೇಲೆ ಮಾತು ಮುರಿಯುವಂತಿಲ್ಲ. ಹೆಸರು ಬದಲಾಯಿಸುವಂತಿಲ್ಲ. ಆದರೆ ಮುಚ್ಚಬಹುದಲ್ಲ? ಹತ್ತಿರದಲ್ಲಿ ಡಾಂಬರಿನ ಡಬ್ಬಿ ಇತ್ತು. ಬ್ರಶ್ಶು ಅದ್ದಿ ಎತ್ತಿದ.

"ಏ ಮನುಷ್ಯಾ, ಅದನ್ನ ಕೆಳಗಿಡು."

ದಲಂದಾ ಬಂದಿದ್ದಳು. ಸುದ್ದಿ ಅವನಿಗಿಂತ ವೇಗವಾಗಿ ಓಡಿತ್ತು. ಕಣ್ಣಿಗೆ ಕಾಡಿಗೆ, ಮೈಮೇಲೆ ಮದುವೆಮನೆಗೆ ಮಾತ್ರ ತೆಗೆಯುವ ರೇಷ್ಮೆಯ ಬಿಳಿ ಹೊದಿಕೆ, ಕೈಯಲ್ಲಿ ಬುಟ್ಟಿ. ಪಕ್ಕದಲ್ಲಿ ಅಕ್ಕ ಮಬ್ರೂಕಾ, ಹೊಸ ದೋಣಿಯ ಶುಭಕ್ಕೆಂದು ಮೀನು ಹಾಕಿದ ರವೆಯ ಕುಸ್ಕುಸಿನ ಪಾತ್ರೆ ಹೊತ್ತು. ಹಿಂದೆ ಹಮ್ಮಾದಿ, ನೊರೆಯವನು, ಅರ್ಧ ಬೀದಿ, ಬೆಕ್ಕುಗಳು. ತಿಜಾನಿ ಬೈಗುಳಕ್ಕೆ ಬೆನ್ನು ಕೊಟ್ಟು ನಿಂತ. ಬೈಗುಳ ಬರಲಿಲ್ಲ. ಮದುವೆಯ ದಿನವೂ ಅವಳು ಅಷ್ಟು ನೆಟ್ಟಗೆ ನಡೆದಿರಲಿಲ್ಲ.

"ಅಂತೂ ಈಗ ಗೊತ್ತಾಯ್ತಲ್ಲ," ಎಂದಳು, ಅಕ್ಷರಗಳನ್ನು ನೋಡುತ್ತ, "ಎಂಥೆಂಥವರು ಬಂದಿದ್ರು ಅಂತ."

ತಿಜಾನಿಗೆ ಉರಿದುಹೋಯಿತು. ಮರ್ಯಾದೆಯೆಲ್ಲ ಮರೆತು ಖಮೈಸನ ಭುಜ ಅಲುಗಿಸಿದ. "ಎದ್ದೇಳಯ್ಯಾ! ಎಲ್ಲರ ಮುಂದೆ ಹೇಳು. ಇದು ಯಾರ ಹೆಸರು?"

ಖಮೈಸ್ ಕಣ್ಣು ಉಜ್ಜಿಕೊಂಡ. "ಯಾರದೋ! ಕೆರ್ಕೆನ್ನಾ ದ್ವೀಪದ ಮುದುಕನೊಬ್ಬನ ಹತ್ರ ದೋಣಿ ಕೊಂಡೆ. ಹೆಸರು ಆಗಲೇ ಇತ್ತು. ಬದಲಾಯಿಸೋ ಹಾಗಿಲ್ಲವಲ್ಲ. ಅವನ ಹೆಂಡತಿಯೋ, ಅಜ್ಜಿಯೋ, ಮೇಕೆಯೋ. ಇನ್ನೊಬ್ಬರ ಮನೆ ವಿಷಯ ಕೇಳೋಕಾಗುತ್ತಾ?"

"ಮತ್ತೆ ಹೆಣ್ಣು ಕೇಳೋಕೆ ಹೋಗಿದ್ದು?" ಎಂದ ಹಮ್ಮಾದಿ, ಕತೆ ಕೈತಪ್ಪುವ ಗಾಬರಿಯಲ್ಲಿ.

"ಹೋಗಿದ್ದು ನಿಜ. ಅಮ್ಮ ಕೇಳಿದ್ದು ದೊಡ್ಡವಳನ್ನ. ಮಬ್ರೂಕಾನ."

ಪಾತ್ರೆಯ ಹಿಂದೆ ಮಬ್ರೂಕಾಳ ಮುಖ ಕೆಂಪಗಾಯಿತು. "ಈಗ ಹೇಳ್ತಿದ್ದೀಯಾ?" ಎಂದಳು. "ಮಂಡಿ ಹೋದ ಮೇಲೆ?"

ತಿಜಾನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಅವನಿಗೇ ತಿಳಿಯದಂತೆ ಒಂದು ನಗು ಹೊರಬಿತ್ತು. ಇಡೀ ದಿನದಲ್ಲಿ ಅವನು ಮಾಡಿದ ದೊಡ್ಡ ತಪ್ಪು ಅದೇ.

ದಲಂದಾ ತಿರುಗಿದಳು. ಅವನ ನಿವೃತ್ತಿಗೆ ಮುಂಚೆ ಮಾರುಕಟ್ಟೆಗೆ ಹೋಗುವಾಗಲೆಲ್ಲ ಅವಳು ಬಂದರಿನ ದಾರಿ ಹಿಡಿದು ಸುತ್ತುಹಾಕುತ್ತಿದ್ದುದು ತಿಜಾನಿಗೆ ಆಗ ನೆನಪಾಯಿತು.

"ನಗು," ಎಂದಳು, ಮೆಲ್ಲಗೆ. "ನೀನು ಕೊಳ್ಳದೇ ಇದ್ದಿದ್ರೆ ಅದು ನನ್ನ ಹೆಸರಾಗೇ ಇರ್ತಿತ್ತು."

ಬ್ರಶ್ಶಿನಿಂದ ಡಾಂಬರು ತಿಜಾನಿಯ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

ದಲಂದಾ ಹೊದಿಕೆಯನ್ನು ಸೊಂಟಕ್ಕೆ ಬಿಗಿದಳು. "ಕೊಂಡಿದ್ದಾಯ್ತಲ್ಲ, ಇವತ್ತಿನಿಂದ ಇದು ನನ್ನ ಹೆಸರೇ. ಯಾರಾದ್ರೂ ಅಲ್ಲ ಅನ್ನಲಿ ನೋಡೋಣ." ಯಾರೂ ಅನ್ನಲಿಲ್ಲ. "ನಾಳೆಯಿಂದ ದಿನಾ ಇದರಲ್ಲಿ ಕೂರ್ತೀನಿ. ಊರಿನವರೆಲ್ಲ ನೋಡಲಿ. ತಳ್ರಪ್ಪಾ!"

ಹಮ್ಮಾದಿಯೂ ನೊರೆಯವನೂ ದೋಣಿಯನ್ನು ನೀರಿಗೆ ತಳ್ಳಿದರು. ದಲಂದಾ ಬುಟ್ಟಿಯೊಂದಿಗೆ ಹತ್ತಿ ಕೂತಳು. ದೋಣಿ ತುಂಬಿತು. ತಿಜಾನಿ ಕ್ಷಮೆ ಕೇಳಿ ಹತ್ತಿದ.

ಹುಟ್ಟು ಹಾಕಿದಂತೆಲ್ಲ ಬಂದರಿನ ದಂಡೆ ಸಣ್ಣದಾಯಿತು. ದಡದ ಬಂಡೆಯ ಮೇಲೆ ಖಮೈಸ್, ಮಬ್ರೂಕಾ ಬಡಿಸಿಟ್ಟು ಹೋದ ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು, ಗಾಳ ಇಳಿಬಿಟ್ಟು ಒಬ್ಬನೇ ಕೂತಿದ್ದ. ಯಾರೂ ಅವನನ್ನು ಕರೆಯುತ್ತಿರಲಿಲ್ಲ. ತಿಜಾನಿ ಅವನನ್ನೇ ನೋಡುತ್ತ ಹುಟ್ಟು ಹಾಕಿದ. ಅಂದು ಗೋಡೆಯ ಆಚೆ ಕಂಡಿದ್ದ ಮನುಷ್ಯ ಕೂತಿದ್ದ ಜಾಗಕ್ಕೇ ದೋಣಿ ಬಂದಿತ್ತು. ಸಮುದ್ರ ಎಣ್ಣೆಯಂತೆ ನಿಶ್ಚಲವಾಗಿತ್ತು. ಹುಟ್ಟು ಎತ್ತಿಟ್ಟು ಅವನು ದೀರ್ಘವಾಗಿ ಉಸಿರೆಳೆದುಕೊಂಡ.

ದಲಂದಾ ಬುಟ್ಟಿಯೊಳಗೆ ಕೈಯಾಡಿಸಿದಳು. ಇನ್ನೊಮ್ಮೆ ಆಡಿಸಿದಳು.

"ಏ ಮನುಷ್ಯಾ, ದೋಣಿ ತಿರುಗಿಸು. ಮಾರುಕಟ್ಟೆ ಮುಚ್ಚಿಬಿಡುತ್ತೆ. ಕೊತ್ತಂಬರಿ ಇಲ್ಲ."

ತಿಜಾನಿ ದೋಣಿ ತಿರುಗಿಸಿದ.

"ಪಾರ್ಸ್ಲಿ ಅಲ್ಲ ಮತ್ತೆ," ಎಂದಳು ದಲಂದಾ, ಬುಟ್ಟಿಯನ್ನು ಅವನ ತೊಡೆಯ ಮೇಲಿಡುತ್ತ.