ರೊಟ್ಟಿ ಬಡಿತಕ್ಕೆ ಕಡಿಯದ ವೈರು

“ಹೇಣ್ತಿ ಮಾತು ಕಿವಿಗೆ ಬೀಳಬಾರದಂತ ಅಂವ ಹೆಡ್‌ಫೋನ್ ಹಾಕ್ಕೊಂಡು ಕುಂಡ್ರತಾನ. ವೈರ್ ಕಡದ್ರ ಜೀವಾನ ಹೋದಂಗ ಮಾಡ್ತಾನ, ಮನ್ಯಾಗ ಹೊಸಾದು ಹೆಣಕೋತಾನ.”

ಬನಹಟ್ಟಿಯಲ್ಲಿ ನಮ್ಮ ಭಾವನವರ ವಿಷಯ ಎತ್ತಿದರೆ ಸಾಕು, ಯಾರ ಬಾಯಿಂದಲಾದರೂ ಈ ಮಾತು ಹೊರಬೀಳುತ್ತದೆ. ಹೇಳುವವನಿಗೆ ಸುಖ, ಕೇಳುವವನಿಗೆ ಇನ್ನೂ ಸುಖ. ಮದುವೆಯಾದ ಗಂಡಸರಂತೂ ಅರ್ಧ ಕೇಳುವಷ್ಟರಲ್ಲೇ ತಲೆಯಾಡಿಸುತ್ತಾರೆ. ಇಷ್ಟೊಂದು ಜನ ಇಷ್ಟೊಂದು ಸಂತೋಷದಿಂದ ಒಪ್ಪಿಕೊಂಡಿರುವ ಸಂಗತಿ ನಿಜವಿರಲಾರದೆಂದು ನನಗೆ ಮೊದಲೇ ಅನುಮಾನವಿತ್ತು.

ನಾನು ಶಾಲೆಯನ್ನು ಬೇಗ ಬಿಟ್ಟವನು. ಓದಿದ್ದೆಲ್ಲ ಆಮೇಲೆ, ಊರ ಗ್ರಂಥಾಲಯದ ಬೆಂಚಿನ ಮೇಲೆ. ಹಾಗೆ ಓದಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಹೇಳಿದವರಾರು, ಅವರು ಕಂಡಿದ್ದರೇ ಎಂದು ಕೇಳದೆ ಯಾವುದನ್ನೂ ನುಂಗಲಾರರು. ಆದ್ದರಿಂದ ವಿಚಾರಿಸಿದೆ. ಚಹಾದಂಗಡಿಯವನು ಕ್ಷೌರದಂಗಡಿಯವನಿಂದ ಕೇಳಿದ್ದ. ಕ್ಷೌರದಂಗಡಿಯವನು ನೂಲಿನ ವ್ಯಾಪಾರಿಯಿಂದ. ನೂಲಿನ ವ್ಯಾಪಾರಿ ಚಹಾದಂಗಡಿಯವನಿಂದ! ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಇತ್ತ ಕಥೆ ಊರು ದಾಟುತ್ತ ಬೆಳೆಯುತ್ತಿತ್ತು. ಜಮಖಂಡಿಯಲ್ಲಿ ಭಾವನವರು ಊಟಕ್ಕೂ ಹೆಡ್‌ಫೋನ್ ತೆಗೆಯುತ್ತಿರಲಿಲ್ಲ. ಮುಧೋಳದಲ್ಲಿ ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಬೀಳಗಿ ಮುಟ್ಟುವಷ್ಟರಲ್ಲಿ ಅವರು ಮಗ್ಗಕ್ಕೇ ಉದ್ದೆಳೆ ನೂಲಿನ ಬದಲು ತಾಮ್ರದ ಹಾಸು ಹೂಡಿ, ವೈರು ನೇಯುವ ಕಾರ್ಖಾನೆ ತೆರೆದುಬಿಟ್ಟಿದ್ದರು.

ಅವರು ವಿಚಿತ್ರ ಮನುಷ್ಯರಲ್ಲವೆಂದು ನಾನು ವಾದಿಸುವುದಿಲ್ಲ. ವಿಚಿತ್ರರೇ. ವೈರು ಹೆಣೆಯುವುದು ನಿಜ. ಹಗಲೆಲ್ಲ ಹೆಡ್‌ಫೋನ್ ಹಾಕಿಕೊಂಡು, ಗೋಡೆಯನ್ನು ನೋಡುತ್ತ ಕುಳಿತಿರುವುದೂ ನಿಜ. ತಪ್ಪಿರುವುದು ಕಾರಣದಲ್ಲಿ. ಹೆಂಡತಿಯ ಮಾತು ತಮಗೆ ಕೇಳಬಾರದೆಂದು ಅವರು ಹೀಗೆ ಮಾಡಿದವರಲ್ಲ. ಊರಿನ ಮಾತು ಹೆಂಡತಿಗೆ ಕೇಳಬೇಕೆಂದು ಮಾಡಿದರು.

ಆ ಹೆಂಡತಿ ನನ್ನ ಅಕ್ಕ. ಮದುವೆಯಾಗಿ ಬಂದಂದಿನಿಂದ ಮಗ್ಗದ ಮನೆಯಲ್ಲಿ ಗಂಡನ ಸಮಕ್ಕೆ ದುಡಿದವಳು. ವಿದ್ಯುತ್ ಮಗ್ಗಗಳು ಒಟ್ಟಿಗೆ ಬಡಿಯತೊಡಗಿದರೆ ಒಳಗಿರುವವರ ದನಿ ಅವರವರಿಗೇ ಕೇಳಿಸುವುದಿಲ್ಲ. ಅಲ್ಲಿ ಮಾತೆಂದರೆ ಎದುರಿಗೆ ಬಂದು ನಿಂತು ತುಟಿಯಾಡಿಸುವುದು, ಬೆರಳು ತೋರಿಸುವುದು. ಲಾಳಿ ಬದಲಿಸು ಎಂಬುದಕ್ಕೊಂದು ಸನ್ನೆ, ಅತ್ತೆ ಬಂದಳು ಎಂಬುದಕ್ಕೊಂದು ಸನ್ನೆ. ಹೀಗೆ ಅರ್ಧ ಆಯುಷ್ಯ ಕಳೆಯಿತು. ಅಕ್ಕನ ಕಿವಿಯೂ ಅದರೊಂದಿಗೆ ಮೆಲ್ಲಗೆ ಕಳೆದುಹೋಯಿತು. ಮಗ್ಗ ನಿಂತ ಮೇಲೂ ಭಾವನವರು ಮನೆಯಲ್ಲಿ ಅವಳ ಎದುರಿಗೆ ಬಂದು, ಮುಖ ತೋರಿಸಿ, ದನಿ ಹೊರಡಿಸದೆ ತುಟಿಯಾಡಿಸಿಯೇ ಮಾತಾಡುವರು. ಅವರಿಬ್ಬರಿಗೆ ಅದರಿಂದ ಕೊರತೆಯೇನೂ ಇರಲಿಲ್ಲ.

ಕೊರತೆಯಿದ್ದದ್ದು ಉಳಿದವರ ಜೊತೆ. ಉಳಿದವರು ಕೂಗುತ್ತಿದ್ದರು. ಅಕ್ಕನಿಗೆ ಕೂಗುವುದು ಕಂಡರಾಗದು.

“ನನಗ ಕೇಳಸೂದಿಲ್ಲಂತ ಓಣಿಗೆಲ್ಲಾ ಕೇಳಿಸ್ತಾರ ನೋಡ ತಮ್ಮಾ” ಎಂದು ನನ್ನ ಮುಂದೆ ಅಂದಿದ್ದಳು. “ಎಲ್ಲಾರೂ ನಕ್ಕು ಮುಗಿಸಿದ ಮ್ಯಾಲ ನಾ ನಗತೇನಿ. ಅದನ್ನ ನೋಡಿ ಮತ್ತೊಮ್ಮಿ ನಗತಾರ.”

ಕ್ರಮೇಣ ಅವಳು ನಾಲ್ಕು ಜನ ಸೇರುವಲ್ಲಿಗೆ ಹೋಗುವುದನ್ನೇ ಬಿಟ್ಟಳು. ಅಷ್ಟರಲ್ಲಿ ಚಿಮ್ಮಡಕ್ಕೆ ಕೊಟ್ಟ ಮೊಮ್ಮಗಳ ಕುಬಸದ ಸುದ್ದಿ ಬಂತು. ಬಸುರಿ ಹುಡುಗಿಗೆ ತವರಿನವರು ಸೀರೆ ಒಯ್ದು ಉಡಿ ತುಂಬುವ ಸಮಾರಂಭ, ಅಜ್ಜಿಯಿಲ್ಲದೆ ನಡೆಯುವಂಥದಲ್ಲ. ಅಕ್ಕ ಮಾತ್ರ ತಾನು ಉಡಬೇಕಾದ ಸೀರೆ ಮಡಚಿಟ್ಟು, “ನೀವ ಹೋಗಿ ಬರ್ರಿ, ನಾ ವಲ್ಲೆ” ಎಂದಳು. ಭಾವನವರು ಎದುರಿಗೆ ನಿಂತು ತುಟಿಯಾಡಿಸಿದರು. ಏನೆಂದರೋ ನನಗೆ ತಿಳಿಯಲಿಲ್ಲ. “ಕೇಳಿದ್ರ ಬರ್ತೇನಿ” ಎಂದಳು ಅಕ್ಕ. ಕರಾರು ಆದಂತಾಯಿತು.

ಜಮಖಂಡಿಯ ವೈದ್ಯರು ಕೊಟ್ಟಿದ್ದ, ಕಿವಿಯೊಳಗೆ ಕೂರುವ ಸಣ್ಣ ಯಂತ್ರ ಕುಂಯ್‌ಗುಟ್ಟುತ್ತದೆಂದು ಅಕ್ಕ ತೆಗೆದಿಟ್ಟ ಮೇಲೆ ಕಸದ ನೂಲಿನಲ್ಲಿ ಸೇರಿಕೊಂಡಿತ್ತು. ಅದಕ್ಕೆ ಬದಲಾಗಿ ಬಂದದ್ದು ಕೊರಳಿಗೆ ತೂಗುಹಾಕಿಕೊಳ್ಳುವ ಒಂದು ಪುಟ್ಟ ಪೆಟ್ಟಿಗೆ. ಸುತ್ತಲಿನ ಮಾತನ್ನು ಹಿಡಿದು ದೊಡ್ಡದು ಮಾಡಿ ವೈರಿನ ಮೂಲಕ ಹೆಡ್‌ಫೋನಿಗೆ ಕಳಿಸುವಂಥದು. ಪೆಟ್ಟಿಗೆ ಉತ್ತಮ. ಹೆಡ್‌ಫೋನ್ ಉತ್ತಮ. ನಡುವಿನ ವೈರು ಮಾತ್ರ ಅಕ್ಕ ರೊಟ್ಟಿಗೆ ಕುಳಿತ ಮೊದಲ ಮುಂಜಾನೆಯೇ ಪ್ರಾಣ ಬಿಟ್ಟಿತು. ಜೋಳದ ರೊಟ್ಟಿ ಬಡಿಯುವುದೆಂದರೆ ಮೈಯೆಲ್ಲ ಬಡಿಯುವ ಕೆಲಸ. ಪ್ರತಿ ಬಡಿತಕ್ಕೂ ಪೆಟ್ಟಿಗೆ ತೂಗಿ, ಪೆಟ್ಟಿಗೆಗೆ ಸಿಕ್ಕಿಸುವ ಪಿನ್ನಿನ ಬುಡದಲ್ಲಿ ವೈರು ಮಡಚಿಕೊಳ್ಳುತ್ತದೆ. ರೊಟ್ಟಿ ಬಡಿಯುವ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಜಗತ್ತಿನ ಯಾವ ಕಾರ್ಖಾನೆಯೂ ವೈರು ತಯಾರಿಸಿದಂತೆ ಕಾಣೆ.

ಅಂಗಡಿಯವನು ಬರೀ ವೈರು ಸಿಗುವುದಿಲ್ಲ, ಎಲ್ಲ ಬಿಸಾಡಿ ಹೊಸದು ಕೊಳ್ಳಿ ಎಂದ. ಭಾವನವರಿಗೆ ರೇಗಿತು.

“ಒಂದ ಎಳಿ ಕಡದ್ರ ಸೀರಿ ಒಗಿತಾರೇನೋ? ನಿಮ್ಮ ಕಡಿ ಹಂಗೈತೇನು?”

“ಸೀರಿ ಬ್ಯಾರೆ, ಇದ ಬ್ಯಾರೆ ಕಾಕಾ.”

“ಏನ ಬ್ಯಾರೆ? ಅದೂ ಎಳೀನ, ಇದೂ ಎಳೀನ.”

ಈ ಸಿದ್ಧಾಂತದ ಮೇಲೆ ನಿಂತು ಅವರು ಮಾಡಿದ ಮೊದಲ ದುರಸ್ತಿ, ನೇಕಾರನ ಹೊರತು ಭೂಮಿಯ ಮೇಲೆ ಇನ್ನಾರೂ ಮಾಡಲಾರದಂಥದು. ಕಡಿದ ವೈರಿನ ಎರಡು ತುದಿಗಳನ್ನು ಹಿಡಿದು ನೇಕಾರರ ಗಂಟು ಹಾಕಿದರು! ಹಾಸಿನಲ್ಲಿ ಎಳೆ ಕಡಿದಾಗ ಕಣ್ಣುಮುಚ್ಚಿ ಹಾಕುವ ಗಂಟು; ಎಳೆದರೆ ಬಿಗಿಯುತ್ತದೆ, ಸವರಿದರೆ ಕೈಗೆ ಸಿಗುವುದಿಲ್ಲ. ಗಂಟೇನೋ ಅದ್ಭುತವಾಗಿತ್ತು. ಶಬ್ದ ಬರಲಿಲ್ಲ. ಆ ಕೂದಲೆಳೆಯ ತಾಮ್ರಕ್ಕೆ ಅರಗಿನಂಥ ಒಂದು ಲೇಪ ಇರುತ್ತದೆ, ಅದನ್ನು ಸುಡದೆ ತಾಮ್ರಕ್ಕೆ ತಾಮ್ರ ತಾಗುವುದಿಲ್ಲವೆಂದು ನಾನು ಪುಸ್ತಕದಲ್ಲಿ ಓದಿ ಹೇಳಿದೆ. ಅವರು ಒಪ್ಪಲಿಲ್ಲ. ಮರುದಿನ ದೇವರ ಮುಂದಿನ ಊದುಬತ್ತಿಯಿಂದ ಎಳೆಗಳ ತುದಿ ಸುಡುತ್ತ ಕುಳಿತಿದ್ದರು. “ಏನ್ ಮಾಮಾ, ನಾ ಹೇಳಿದ್ದ ಖರೆ ಆತಲ್ಲ?” ಎಂದೆ. “ನೀ ಹೇಳಿದ್ದಕ್ಕಲ್ಲ, ಪೂಜಾ ಮಾಡಾಕತ್ತೇನಿ” ಎಂದರು.

ಆಮೇಲೆ ಕಾದ ಕಡ್ಡಿ ಬಂತು, ಬೆಸುಗೆಯ ತಂತಿ ಬಂತು. ಬೆತ್ತಲೆ ವೈರು ಅವರ ಕಣ್ಣಿಗೆ ಸರಿಕಾಣಲಿಲ್ಲ. ಹತ್ತಿಯ ನೂಲಿನಿಂದ ಜಡೆಯಂತೆ ಹೆಣೆದು ಮೇಲೊಂದು ಅಂಗಿ ತೊಡಿಸಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನೂಲೆಂದ ಮೇಲೆ ಗಂಜಿ ಹಾಕದೆ ಬಿಡುವುದುಂಟೇ? ಗಂಜಿ ಕುಡಿಸಿ, ಬಿಸಿಲಿಗೆ ಒಣಗಿಸಿದರು. ವೈರು ಬೆತ್ತದಂತೆ ನೆಟ್ಟಗೆ ನಿಂತಿತು. ಅಕ್ಕ ಅದನ್ನು ಹಾಕಿಕೊಂಡು ಕತ್ತು ಹೊರಳಿಸಿದಳು. ವೈರು ಸೀರೆಗೆ ಉಜ್ಜಿತು. ಉಜ್ಜಿದ ಸಪ್ಪಳ ನೇರ ಕಿವಿಗೆ ಹೋಯಿತು.

“ಏನ್ರೀ, ಹಪ್ಪಳ ತಿನ್ನಾಕತ್ತೀರೇನು?”

ಭಾವನವರು ಬಾಯಿ ತೆರೆದು ತೋರಿಸಿದರು.

“ಮತ್ತ ಯಾರ ತಿನ್ನಾಕತ್ತಾರ?”

ಅದಕ್ಕೆ ಉತ್ತರ ಬೆಳಗಾಗುವಷ್ಟರಲ್ಲಿ ಸಿಕ್ಕಿತು. ಗಂಜಿಯ ವಾಸನೆಗೆ ಬಂದ ಇಲಿಗಳು ಇಡೀ ವೈರನ್ನು ತಿಂದು, ಪಿನ್ನನ್ನು ಮಾತ್ರ ಬಿಟ್ಟುಹೋಗಿದ್ದವು.

ಈಗ ಹೆಡ್‌ಫೋನಿನ ವಿಷಯಕ್ಕೆ ಬರೋಣ; ಊರಿನವರ ಕಥೆಗೆ ಆಧಾರವಾದದ್ದು ಇದೇ. ಪರೀಕ್ಷೆಯಾಗದ ವೈರನ್ನು ಅಕ್ಕನ ಕಿವಿಗೆ ಏರಿಸುವುದಿಲ್ಲವೆಂಬುದು ಭಾವನವರ ನೇಮ. ಪ್ರತಿ ಹೊಸ ವೈರನ್ನೂ ತಮ್ಮ ಮೊಬೈಲಿಗೆ ಸಿಕ್ಕಿಸಿ, ಹಗಲಿಡೀ ಹಾಡು ಕೇಳಿ, ಮಡಚಿ, ಜಗ್ಗಿ, ತುಳಿದು ನೋಡುವರು. ನಡುವೆ ಯಾರಾದರೂ ಮಾತಾಡಿಸಿದರೆ ಕೈಯೆತ್ತಿ ತಡೆಯುವರು. ಕಿಟಕಿಯಿಂದ ನೋಡಿದವನಿಗೆ ಕಂಡದ್ದು ಏನು? ಒಳಗೆ ಹೆಂಡತಿ ಮಾತಾಡುತ್ತಿದ್ದಾಳೆ, ಗಂಡ ಕಿವಿ ಮುಚ್ಚಿಕೊಂಡು ಕೈಯೆತ್ತಿದ್ದಾನೆ. ಉಳಿದದ್ದನ್ನು ಚಹಾದಂಗಡಿ ಪೂರೈಸಿತು.

ಇಂಥ ಪರೀಕ್ಷೆಯಲ್ಲೇ ಒಂದು ದಿನ ಪವಾಡ ನಡೆಯಿತು. ಹಾಡು ಹಚ್ಚಿದರೆ ತಬಲಾ ಕೇಳುತ್ತಿದೆ, ಹಾರ್ಮೋನಿಯಂ ಕೇಳುತ್ತಿದೆ, ಹಾಡುಗಾರನಿಲ್ಲ! ಭಾವನವರು ಬಹಳ ಹೊತ್ತು ಕಾದರು. ಹಾಡುಗಾರ ಬರಲಿಲ್ಲ. ನನ್ನನ್ನು ಕರೆಸಿದರು.

“ಲೇ, ಇಂವ ಎಲ್ಲಿ ಹ್ವಾದ ನೋಡು.”

ನಾನೂ ಕೇಳಿದೆ. ಇರಲಿಲ್ಲ. ಪುಸ್ತಕ ತಿರುವಿದಾಗ ತಿಳಿದದ್ದಿಷ್ಟು: ಎರಡೂ ಕಿವಿಗೆ ಸಮಾನವಾದ ಮೂರನೆಯ ಎಳೆಯೊಂದಿರುತ್ತದೆ, ಅದು ಬಿಟ್ಟುಕೊಂಡರೆ ಎರಡೂ ಕಡೆ ಒಂದೇ ಸಮ ಬರುವ ದನಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಹಾಡುಗಾರ ನಟ್ಟನಡುವೆ ನಿಲ್ಲುವವನಾದ್ದರಿಂದ ಮೊದಲು ಅವನೇ ಹೋಗುತ್ತಾನೆ. ಅದೇ ವೈರನ್ನು ಅಕ್ಕನ ಪೆಟ್ಟಿಗೆಗೆ ಹಾಕಿದರೆ ಪೂರ್ತಿ ನಿಶ್ಶಬ್ದ, ಏಕೆಂದರೆ ಅದು ಎರಡೂ ಕಿವಿಗೆ ಕಳಿಸುವುದು ಒಂದೇ ದನಿ. ಭಾವನವರು ಅದನ್ನು ಬಿಸಾಡಲು ಹೊರಟಾಗ ಪಕ್ಕದ ಮನೆಯ, ಭಜನೆಯ ಹುಚ್ಚಿನ ಗೃಹಸ್ಥರು ಓಡಿಬಂದು ಕೈ ಹಿಡಿದರು.

“ಒಗೀಬ್ಯಾಡ್ರಿ ಯಪ್ಪಾ! ಅಂವ ಇಲ್ಲದ ಜಾಗಾದಾಗ ನಾ ಹಾಡತೇನಿ.”

ಅಂದಿನಿಂದ ಅವರು ಹಾಡುತ್ತಿದ್ದಾರೆ. ಓಣಿಯಲ್ಲಿ ಆಗ ಮೊದಲ ಬಾರಿಗೆ ಕೆಲವರು ಅಕ್ಕನ ಕಿವಿಯ ಬಗ್ಗೆ ಅಸೂಯೆಪಟ್ಟರು.

ಕುಬಸ ಹತ್ತಿರವಾಯಿತು. ಭಾವನವರು ಹೊಸ ವೈರಿಗೆ ಕುಳಿತರು. ಗಂಜಿ ಬಿಟ್ಟರು, ಮೆತ್ತನೆಯ ನೂಲನ್ನು ಸಡಿಲವಾಗಿ ಹೆಣೆದರು. ಪಿನ್ನಿನ ಬಳಿ ದಪ್ಪ, ಮುಂದೆ ಹೋಗುತ್ತ ತೆಳ್ಳಗೆ ಬರುವಂತೆ ದಾರ ಸುತ್ತಿದರು, ಮಡಿಕೆ ಒಂದೇ ಕಡೆ ಬೀಳದಿರಲೆಂದು. ಜಗ್ಗು ಪಿನ್ನಿಗೆ ಮುಟ್ಟದಂತೆ ಕುಪ್ಪಸದ ಹೆಗಲಿಗೊಂದು ಬಟ್ಟೆಯ ಕುಣಿಕೆ ಹೊಲಿದು ವೈರನ್ನು ಅದರಲ್ಲಿ ತೂರಿಸಿದರು. ಅಕ್ಕ ಉಡಬೇಕಾದ ಸೀರೆಯ ಅಂಚಿನ ಕೆಂಪಿಗೇ ನೂಲು ಆರಿಸಿದ್ದರು. ಅಕ್ಕ ಅದನ್ನು ಹಾಕಿಕೊಂಡು ರೊಟ್ಟಿಗೆ ಕುಳಿತಳು. ಭಾವನವರು ಒಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಪ್ರತಿ ಬಡಿತಕ್ಕೂ ವೈರನ್ನೇ ನೋಡಿದರು. ಬುಟ್ಟಿ ತುಂಬಿತು, ವೈರು ಕಡಿಯಲಿಲ್ಲ. ಅಕ್ಕ ಕೈ ತೊಳೆದು ಹೋಗಿ ಮಡಚಿಟ್ಟ ಸೀರೆ ತೆಗೆದಳು.

ಚಿಮ್ಮಡದಲ್ಲಿ ಒಳಗೆ ಹೆಂಗಸರ ಗದ್ದಲ. ಗಂಡಸರು ಪಡಸಾಲೆಯಲ್ಲಿ. ನಾನು ತೆಂಗಿನಕಾಯಿ ಕೊಡುವ ನೆಪದಲ್ಲಿ ಬಾಗಿಲಿಗೆ ಒರಗಿ ನಿಂತಿದ್ದೆ. ಅಕ್ಕ ಮೊಮ್ಮಗಳ ಎದುರಿಗೆ ಬಾಗಿ ಉಡಿ ತುಂಬುತ್ತಿದ್ದಳು. ಅವಳ ಬೆನ್ನ ಹಿಂದೆ ಬೀಗರ ಕಡೆಯ ಇಬ್ಬರು ಸೆರಗು ಬಾಯಿಗೆ ಇಟ್ಟುಕೊಂಡು ಮಾತಾಡುತ್ತಿದ್ದರು.

“ಈಕಿ ಗಂಡಗ ಈಕಿ ಮಾತಂದ್ರ ಬ್ಯಾಸರಂತವಾ. ಕಿವ್ಯಾಗ ಹಾಡ ಹಾಕ್ಕೊಂಡ ಕುಂಡ್ರತಾನಂತ.”

“ಈಗ ನೋಡು, ಈಕೀಗೂ ಕಲಿಸ್ಯಾನ. ಕುಬಸದಾಗೂ ಹಾಡ ಕೇಳಾಕತ್ತಾಳ!”

ಅಕ್ಕ ತಿರುಗಲಿಲ್ಲ. ಅಕ್ಕಿಯನ್ನು ಉಡಿಗೆ ಸುರಿಯುತ್ತಲೇ ಹೇಳಿದಳು:

“ಹಾಡ ಅಲ್ಲವಾ, ನಿಮ್ಮ ಮಾತ ಕೇಳಾಕತ್ತೇನಿ. ಬಾಳ ಛಲೋ ಕೇಳಾಕತ್ತೈತಿ. ಮುಂದ ಹೇಳ್ರಿ.”

ಇಬ್ಬರ ಬಾಯಿಂದಲೂ ಸೆರಗು ಜಾರಿತು. ಆಮೇಲೆ ಮೊಮ್ಮಗಳು ಕಿಸಕ್ಕನೆ ನಕ್ಕಳು. ಬೀಗಿತ್ತಿ ನಕ್ಕಳು. ಪಿಸುಗುಟ್ಟಿದ ಇಬ್ಬರಿಗೂ ನಗದೆ ಗತ್ಯಂತರವಿರಲಿಲ್ಲ. ಅಕ್ಕನೂ ನಕ್ಕಳು, ಎಲ್ಲರ ಜೊತೆಗೇ, ಎಲ್ಲರೂ ನಕ್ಕ ಹೊತ್ತಿಗೇ. ನಾನು ಪಡಸಾಲೆಗೆ ತಿರುಗಿ ನೋಡಿದೆ. ಭಾವನವರು ಖಾಲಿಯಾದ ಚಹಾದ ಬಟ್ಟಲನ್ನು ಮತ್ತೆ ಕುಡಿಯುತ್ತಿದ್ದರು.

ಸಂಜೆ ಆಟೋದಲ್ಲಿ ಮೂವರೂ ಬನಹಟ್ಟಿಗೆ ಮರಳಿದೆವು. ಭಾವನವರು ಮುಂದೆ ನಡೆದು ಬಾಗಿಲ ಕೀಲಿ ತೆಗೆಯತೊಡಗಿದರು. ಅಕ್ಕ ಹೆಡ್‌ಫೋನ್ ತೆಗೆಯದೆ ಹಿಂದೆ ಕಟ್ಟೆಯ ಮೇಲೆ ಕುಳಿತಿದ್ದಳು. ಭಾವನವರು ದಣಿದಿದ್ದರೋ, ಎದುರಿಗೆ ಬರುವುದನ್ನು ಮರೆತರೋ ಕಾಣೆ. ಬಾಗಿಲಿಗೆ ಮುಖ ಮಾಡಿಕೊಂಡೇ, ನಮ್ಮತ್ತ ತಿರುಗದೆ ಮೆಲ್ಲಗೆ ಕೇಳಿದರು:

“ದಣದೀಯೇನು?”

“ಇಲ್ಲರೀ” ಎಂದಳು ಅಕ್ಕ. ಎದ್ದು ಅವರ ಬೆನ್ನ ಹಿಂದೆ ಹೋಗಿ ನಿಂತಳು.

“ಏನ್ರೀ... ನಿಮ್ಮ ದನಿ ಯಾವಾಗ ಇಷ್ಟು ಮುದುಕ ಆತು?”

ಭಾವನವರು ಬಾಗಿಲ ಕಡೆಗೇ ಇನ್ನಷ್ಟು ಬಾಗಿದರು. ಕೀಲಿ ತೆಗೆಯಲು ಬಹಳ ಹೊತ್ತು ಹಿಡಿಯಿತು. ಕೀಲಿ ಕೆಟ್ಟಿರಲಿಲ್ಲ.

ಇಷ್ಟನ್ನು ಬರೆಯಲೇ ಎಂದು ಅಕ್ಕನನ್ನು ಕೇಳಿದೆ. “ಬರಿ ತಮ್ಮಾ. ಕಿವುಡಿ ಅಂತನೂ ಬರಿ. ಈಗ ಯಾರಂದ್ರೂ ನನಗ ಕೇಳಸ್ತೈತಿ” ಎಂದಳು. ಹಳೆಯ ಕಥೆಯೇ ನಿಜವೆನ್ನುವವರು ಇನ್ನೂ ಇದ್ದಾರೆ. ಅವರೊಡನೆ ವಾದ ಬೇಡ, ಸಾಕ್ಷಿ ಜೀವಂತವಾಗಿದೆ. ಬನಹಟ್ಟಿಗೆ ಬನ್ನಿ. ಮುಂಜಾನೆ ಅಕ್ಕ ಒಲೆಯ ಮುಂದೆ ಇರುತ್ತಾಳೆ. ಅವಳ ಬೆನ್ನ ಹಿಂದೆ ನಿಂತು, ನಿಮ್ಮ ಮನೆಯವರೊಡನೆ ಮಾತಾಡುವ ದನಿಯಲ್ಲಿ ಏನಾದರೂ ಕೇಳಿ ನೋಡಿ. ಕೂಗಬೇಡಿ.